ನಾಲ್ಕು ಭಾನುವಾರ, ಹದಿನಾರು ಮೊಲ

ಮೊನ್ನೆ ಭಾನುವಾರ ಮೊಮ್ಮಗನಿಗೆ ಐದು ತುಂಬಿತು. ಕೇಕ್ ಕತ್ತರಿಸಲಿಲ್ಲ. ಮೇಜಿನ ಮೇಲೆ ಬಿದಿರಿನ ಬುಟ್ಟಿ ಇಟ್ಟು ಮುಚ್ಚಳ ತೆಗೆದೆವು. ಒಳಗೆ ಹಬೆಯಲ್ಲಿ ಬೇಯಿಸಿದ ಗೊಂಬೆ ಬನ್‌ಗಳು: ಹದಿನಾರು ಬಿಳಿ ಮೊಲ, ಕುಂಬಳಕಾಯಿ ಬಣ್ಣದ ಎಂಟು ಮುಳ್ಳುಹಂದಿ. ಅಲ್ಲಿಗೆ ತಲುಪಲು ನಮಗೆ ನಾಲ್ಕು ಭಾನುವಾರ ಬೇಕಾದವು. ಹಾಳಾದ ಹಿಟ್ಟು ಎರಡು ಕೆ.ಜಿ.ಗಿಂತ ಹೆಚ್ಚು, ಮಕ್ಕಳು ಅತ್ತಿದ್ದು ಮೂರು ಸಲ. ಮಕ್ಕಳನ್ನು ಕೂರಿಸಿಕೊಂಡು ಇದನ್ನು ಮಾಡಬೇಕೆಂದಿರುವವರಿಗೆ ಒಂದೆರಡು ಭಾನುವಾರವಾದರೂ ಉಳಿಯಲಿ ಎಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಾನು ಸಾಗರದವಳು. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ಈಗ ಸಿಂಗಪುರದಲ್ಲಿ ಮಗಳ ಮನೆಗೆ ಬಂದಿದ್ದೇನೆ. ಮೊಮ್ಮಗಳಿಗೆ ಎಂಟು ವರ್ಷ, ಮೊಮ್ಮಗನಿಗೆ ಮೊನ್ನೆ ಐದು. ಇಲ್ಲಿ ಅಂಗಡಿಯ ಗಾಜಿನ ಪೆಟ್ಟಿಗೆಗಳಲ್ಲಿ ಹಬೆಯಾಡುವ ಬನ್‌ಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಎಲ್ಲರೂ ಅದನ್ನು ಪಾವ್ ಎನ್ನುತ್ತಾರೆ. ನಮ್ಮ ಪಾವ್ ಭಾಜಿಯ ಪಾವ್ ಪೋರ್ಚುಗೀಸರಿಂದ ಬಂದ ಹೆಸರು, ಇದು ಚೀನೀಯರ ಹೊಕ್ಕಿಯೆನ್ ಮಾತಿನದು, ಎರಡಕ್ಕೂ ಸಂಬಂಧವಿಲ್ಲ. ಒಂದು ಅಂಗಡಿಯಲ್ಲಿ ಪಾವ್‌ಗೆ ಹಂದಿಮರಿಯ ಮೂಗು, ಕಿವಿ ಅಂಟಿಸಿದ್ದನ್ನು ನೋಡಿ ಮೊಮ್ಮಗ ಅಲ್ಲೇ ನಿಂತುಬಿಟ್ಟ. "ಅಜ್ಜಿ, ನನ್ನ ಬರ್ತ್‌ಡೇಗೆ ಇದೇ ಬೇಕು."

ತಂದು ಕೊಡಬಹುದಿತ್ತು. ಆದರೆ ಹುಟ್ಟುಹಬ್ಬಕ್ಕೆ ಬರುವ ಮಕ್ಕಳು ಯಾರು ಯಾರು ಎಂದು ಮಗಳು ಲೆಕ್ಕ ಹಾಕಿದಳು. ನಾವು ಸಸ್ಯಾಹಾರಿಗಳು. ಒಂದು ಮಗುವಿಗೆ ಮೊಟ್ಟೆ ಆಗದು. ಇಬ್ಬರು ಮಲಯ್ ಮಕ್ಕಳ ಮನೆಯಲ್ಲಿ ಹಲಾಲ್ ಅಲ್ಲದ್ದನ್ನು ಮುಟ್ಟುವುದಿಲ್ಲ. ಪಾವ್‌ನ ಹೊರಗಿನ ಬಿಳಿ ಹಿಟ್ಟಿಗೇ ಹಂದಿಯ ಕೊಬ್ಬು ಹಾಕುವ ಪದ್ಧತಿ ಉಂಟು, ಕಣ್ಣಿಗೆ ಕಾಣುವುದಿಲ್ಲ. "ಮನೆಯಲ್ಲೇ ಮಾಡೋಣ" ಎಂದೆ. ನಲವತ್ತು ವರ್ಷ ಇಡ್ಲಿ, ಕೊಟ್ಟೆ ಕಡುಬು, ಅರಿಸಿನ ಎಲೆ ಕಡುಬು ಬೇಯಿಸಿದ ಕೈ ಇದು, ಹಬೆಯ ಅಡುಗೆ ನನಗೆ ಹೊಸತಲ್ಲ ಎಂಬ ಧೈರ್ಯ. ಮೊದಲ ಭಾನುವಾರ ಕೆಡಿಸಿದ್ದು ಆ ಧೈರ್ಯವೇ.

ಇಡ್ಲಿ ಹಿಟ್ಟು ಎಷ್ಟು ಹೊತ್ತು ಹುದುಗಿದರೆ ಅಷ್ಟು ಹಗುರ ಎಂದುಕೊಂಡು ಬೆಳೆದವಳು ನಾನು. ಮೈದಾಕ್ಕೆ ಈಸ್ಟ್, ಸಕ್ಕರೆ, ನೀರು ಹಾಕಿ ನಾದಿ, ಬಟ್ಟೆ ಮುಚ್ಚಿ ಎರಡು ಗಂಟೆ ಬಿಟ್ಟೆ. ಅಡುಗೆಮನೆಯಲ್ಲಿ ಮೂವತ್ತೊಂದು ಡಿಗ್ರಿ ಸೆಕೆ. ತೆಗೆದಾಗ ಪಾತ್ರೆ ತುಂಬ ಉಬ್ಬಿ, ಹುಳಿ ವಾಸನೆ ಹೊಡೆಯುತ್ತಿತ್ತು. ನನಗೆ ಸಂತೋಷವೇ ಆಯಿತು. ಮಕ್ಕಳು ಒಂದೂವರೆ ಗಂಟೆ ಕೂತು ಮೊಲಕ್ಕೆ ಉದ್ದುದ್ದ ಕಿವಿ ಎಳೆದರು, ಬೆಕ್ಕಿಗೆ ಬಾಲ ಸುತ್ತಿದರು. ಇಡ್ಲಿ ಪಾತ್ರೆಯ ನೀರು ಕುದಿಸಿ, ದೊಡ್ಡ ಉರಿಯಲ್ಲಿ ಹದಿನೈದು ನಿಮಿಷ ಇಟ್ಟು, ಒಲೆ ಆರಿಸಿದ ಕೂಡಲೇ ಮುಚ್ಚಳ ತೆಗೆದೆ. ಗಾಳಿ ತಗುಲಿದ್ದೇ ತಡ, ನಮ್ಮ ಕಣ್ಣೆದುರೇ ಎಲ್ಲವೂ ಕುಸಿದವು. ಕಿವಿ ಬಾಲಗಳು ಮೈಯೊಳಗೆ ಕರಗಿ ಹೋಗಿದ್ದವು. ಮೇಲ್ಮೈ ಒಣಗಿದ ನಿಂಬೆಹಣ್ಣಿನ ಹಾಗೆ ಸುಕ್ಕು. ಮೊಮ್ಮಗ ಸ್ವಲ್ಪ ಹೊತ್ತು ನೋಡಿ, "ನನ್ನ ಮೊಲ ಸತ್ತೋಯ್ತಾ ಅಜ್ಜಿ?" ಎಂದು ಕೇಳಿ ಅಳಲು ಶುರು ಮಾಡಿದ. ಆ ಪ್ರಶ್ನೆ ನನ್ನನ್ನು ರಾತ್ರಿಯೆಲ್ಲ ಬಿಡಲಿಲ್ಲ.

ಅಳು ಗೋಡೆಯಾಚೆ ಕೇಳಿಸಿತ್ತು. ಮರುದಿನ ಪಕ್ಕದ ಮನೆಯ ಚೀನೀ ಅಜ್ಜಿ ಬಾಗಿಲು ತಟ್ಟಿದರು. ನಮ್ಮ ಮಕ್ಕಳು ಅವರನ್ನು ಆಮಾ ಎನ್ನುತ್ತಾರೆ. ಹೊಕ್ಕಿಯೆನ್‌ನಲ್ಲಿ ಆಮಾ ಎಂದರೆ ಅಜ್ಜಿ, ನನ್ನ ಕಿವಿಗೆ ಅದು ಅಮ್ಮ ಎಂದೇ ಕೇಳಿಸುತ್ತದೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಚೀನೀ ಒಂದಕ್ಷರ ಬಾರದು. ಉಳಿದಿದ್ದ ಒಂದು ಬನ್ನನ್ನು ಮುರಿದು, ಮೂಸಿ, ಬೆರಳಿನಿಂದ ಒತ್ತಿ, ತಲೆಯಾಡಿಸಿ ಹೋದರು. ಸಂಜೆ ಕ್ಯಾಲೆಂಡರ್ ಹಾಳೆಯ ಹಿಂದೆ ಚೀನೀ ಅಕ್ಷರದಲ್ಲಿ ಬರೆದ ವಿಧಾನವನ್ನು ತಂದುಕೊಟ್ಟರು.

ಈ ಇಡೀ ಕೆಲಸದಲ್ಲಿ ನಮ್ಮ ಬಳಿ ಇದ್ದ ಒಂದೇ ದಾಖಲೆ ಆ ಹಾಳೆ. ಮೊಮ್ಮಗಳು ಫೋನಿನಲ್ಲಿ ಫೋಟೊ ತೆಗೆದು ಅನುವಾದಿಸಿದಳು. ಒಂದು ಸಾಲು "ಶ್ರೀಮಂತವಾಗುವ ತನಕ ಬಿಡಿ" ಎಂದು ಬಂತು. ನಮಗೆ ತಲೆಬುಡ ತಿಳಿಯಲಿಲ್ಲ. ಮರುದಿನ ಆಮಾ ಆ ಅಕ್ಷರದ ಮೇಲೆ ಬೆರಳಿಟ್ಟು, ಎರಡೂ ಕೈಯನ್ನು ಬಲೂನಿನಂತೆ ಅಗಲಿಸಿ ತೋರಿಸಿದಾಗ ಅರ್ಥವಾಯಿತು. ಚೀನೀ ಭಾಷೆಯಲ್ಲಿ ಹಿಟ್ಟು ಉಬ್ಬುವುದಕ್ಕೂ ಸಂಪತ್ತು ಬೆಳೆಯುವುದಕ್ಕೂ ಒಂದೇ ಅಕ್ಷರ. ಹೊಸ ವರ್ಷದಲ್ಲಿ ಇಲ್ಲಿನವರು ಒಟ್ಟಿಗೆ "ಹುವಾತ್" ಎಂದು ಕೂಗುವುದೂ ಅದನ್ನೇ. ನಾವು ಹಾಲು ಉಕ್ಕಿಸಿ ಮನೆ ಹೊಗುತ್ತೇವಲ್ಲ, ಆ ಭಾವವೇ ಇಲ್ಲಿ ಹಿಟ್ಟಿನಲ್ಲಿದೆ ಅನ್ನಿಸಿತು.

ಹಾಳೆಯಲ್ಲಿದ್ದ ಅಳತೆಯನ್ನು ಹಾಗೇ ಕೊಡುತ್ತೇನೆ. 300 ಗ್ರಾಂ ಪಾವ್ ಹಿಟ್ಟು, 150 ಗ್ರಾಂ ನೀರು, 40 ಗ್ರಾಂ ಸಕ್ಕರೆ, 15 ಗ್ರಾಂ ಎಣ್ಣೆ, 3 ಗ್ರಾಂ ಇನ್‌ಸ್ಟಂಟ್ ಈಸ್ಟ್. ಪಾವ್ ಹಿಟ್ಟು ಎಂದರೆ ಅಂಟು ಕಡಿಮೆ ಇರುವ, ತುಂಬ ಬಿಳಿಯ ಗೋಧಿ ಹಿಟ್ಟು. ಊರಿನಲ್ಲಿರುವವರಿಗೆ ಮೈದಾ ಸಾಕು. ಹತ್ತು ಚಮಚ ಮೈದಾದಲ್ಲಿ ಒಂದು ಚಮಚ ತೆಗೆದು ಕಾರ್ನ್‌ಫ್ಲೋರ್ ಹಾಕಿದರೆ ಇನ್ನೂ ಮೆತ್ತಗಾಗುತ್ತದೆ. ನೀರನ್ನು ಒಂದೇ ಸಲ ಸುರಿಯಬೇಡಿ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕು. ಗೊಂಬೆ ಮಾಡುವ ಹಿಟ್ಟು ಸಡಿಲವಾಗಿದ್ದರೆ ಯಾವ ಕಿವಿಯೂ ನಿಲ್ಲುವುದಿಲ್ಲ. ಸಕ್ಕರೆ ನೀರಿನಲ್ಲಿ ಪೂರ್ತಿ ಕರಗಿರಲಿ, ಇಲ್ಲದಿದ್ದರೆ ಬೆಂದ ಮೇಲೆ ಹಳದಿ ಚುಕ್ಕೆ ಏಳುತ್ತವೆ.

ನಾನು ತಪ್ಪಿದ್ದು ಎಲ್ಲಿ ಎಂಬುದನ್ನು ಆಮಾ ಮಾತಿಲ್ಲದೆ ಕಲಿಸಿದರು. ಈ ಹಿಟ್ಟನ್ನು ಮೊದಲೇ ಉಬ್ಬಿಸಬಾರದು. ನಾದಿ, ಹತ್ತು ನಿಮಿಷ ಸುಮ್ಮನೆ ಬಿಟ್ಟು, ಲಟ್ಟಣಿಗೆಯಿಂದ ಅಗಲಕ್ಕೆ ಒತ್ತಿ, ಮಡಚಿ, ಮತ್ತೆ ಒತ್ತಿ, ಹೀಗೆ ಎಂಟು ಹತ್ತು ಸಲ ಮಾಡಿದರೆ ಒಳಗಿನ ಗಾಳಿಯೆಲ್ಲ ಹೋಗಿ ಹಿಟ್ಟು ಮಗುವಿನ ಕೆನ್ನೆಯಂತೆ ನುಣ್ಣಗಾಗುತ್ತದೆ. ಆಗಲೇ ಗೊಂಬೆ ಮಾಡಬೇಕು. ಉಬ್ಬುವುದು ಗೊಂಬೆಯಾದ ಮೇಲೆ, ಒಂದೇ ಸಲ, ಅದೂ ಒಂದೂವರೆ ಪಟ್ಟು ಮಾತ್ರ. ಆಗಿದೆಯೋ ಇಲ್ಲವೋ ತಿಳಿಯಲು ಸುಲಭ ದಾರಿಯಿದೆ. ಅದೇ ಹಿಟ್ಟಿನಲ್ಲಿ ಗೋಲಿಯಷ್ಟು ಉಂಡೆಯನ್ನು ಒಂದು ಲೋಟ ನೀರಿಗೆ ಹಾಕಿಡಿ. ಮೊದಲು ಮುಳುಗುತ್ತದೆ. ತೇಲಿದಾಗ ಒಲೆ ಹಚ್ಚಿ. ಇಲ್ಲಿನ ಸೆಕೆಯಲ್ಲಿ ನಮಗೆ ಇಪ್ಪತ್ತೈದರಿಂದ ಮೂವತ್ತು ನಿಮಿಷ ಹಿಡಿಯಿತು. ಮಲೆನಾಡಿನ ಚಳಿಗಾಲದಲ್ಲಾದರೆ ಒಂದು ಗಂಟೆಯೂ ಆಗಬಹುದು, ಗಡಿಯಾರ ನೋಡಬೇಡಿ, ಲೋಟ ನೋಡಿ. ಲೋಟ ಕಾಯುವ ಕೆಲಸವನ್ನು ಮೊಮ್ಮಗನಿಗೆ ವಹಿಸಿದೆವು. ಮೂಗು ಗಾಜಿಗೆ ಒತ್ತಿ ಕೂತಿರುತ್ತಿದ್ದ. "ತೇಲ್ತು! ತೇಲ್ತು!" ಎಂದು ಅವನು ಕೂಗಿದರೆ ಇಡೀ ಮನೆ ಎದ್ದು ಬರುತ್ತಿತ್ತು.

ಇಷ್ಟೆಲ್ಲ ಕಲಿತರೂ ಎರಡನೆಯ ಭಾನುವಾರ ಬಣ್ಣಗಳಲ್ಲಿ ಮುಗ್ಗರಿಸಿದೆವು. ಅಂಗಡಿ ಬಣ್ಣ ಬೇಡ ಎಂದು ಬೀಟ್‌ರೂಟ್ ರಸ, ನೇರಳೆ ಗೆಣಸು, ಅರಿಸಿನ ತೆಗೆದುಕೊಂಡೆ. ಜೊತೆಗೆ, ಮೆತ್ತಗಾಗಲಿ ಎಂದು ಕೈರೂಢಿಯಿಂದ ಒಂದು ಚಿಟಿಕೆ ಅಡುಗೆ ಸೋಡ. ಹಸಿಯಾಗಿದ್ದಾಗ ನೋಡಲು ಹಬ್ಬದ ಹಾಗಿತ್ತು. ಬೆಂದ ಮೇಲೆ ಬೀಟ್‌ರೂಟಿನ ಗುಲಾಬಿ ಹಂದಿಮರಿಗಳು ಮಣ್ಣಿನ ಬಣ್ಣಕ್ಕೆ ಇಳಿದಿದ್ದವು, ಆ ಬಣ್ಣ ಕಾವು ತಡೆಯುವುದಿಲ್ಲ. ನೇರಳೆ ಬೆಕ್ಕು ಹಸಿರು ಮಿಶ್ರಿತ ನೀಲಿಯಾಗಿತ್ತು. ಅರಿಸಿನದ ಕೋಳಿಮರಿ ಕೆಂಪಾಗಿತ್ತು. ಮೊಮ್ಮಗಳು ತನ್ನ ನೇರಳೆ ಬೆಕ್ಕಿಗಾಗಿ ಬಿಕ್ಕಿದಳು.

ಕೆಂಪಾದ ಕೋಳಿಮರಿ ಕಂಡ ಕ್ಷಣವೇ ನನಗೆ ಕಾರಣ ಹೊಳೆಯಿತು. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿ ಆಗುತ್ತದಲ್ಲ, ಸೋಡ ಮಾಡಿದ್ದೂ ಅದನ್ನೇ. ಮೊಮ್ಮಗಳನ್ನು ಕರೆದು ಒಂದು ಬಟ್ಟಲು ಅರಿಸಿನ ನೀರಿಗೆ ಸೋಡ ಹಾಕಿಸಿದೆ, ಕೆಂಪಾಯಿತು. ಗೆಣಸು ಬೇಯಿಸಿದ ನೀರಿಗೆ ಹಾಕಿಸಿದೆ, ನೀಲಿಯಾಯಿತು. ನಿಂಬೆರಸ ಹಿಂಡಿಸಿದೆ, ಗುಲಾಬಿಗೆ ತಿರುಗಿತು. ಅಳು ನಿಂತಿತು. ಅರ್ಧ ಗಂಟೆ ಬಟ್ಟಲುಗಳಲ್ಲೇ ಕಳೆದಳು. ಆರತಿ ತಟ್ಟೆಯ ಕೆಂಪು ನೀರು ಹೇಗಾಗುತ್ತದೆ ಎಂದು ಅವಳಿಗೆ ತಿಳಿದದ್ದು ಅವತ್ತೇ. ಹಾಳಾದ ಆ ಭಾನುವಾರವನ್ನು ನಾನು ಯಾವುದಕ್ಕೂ ಬಿಟ್ಟುಕೊಡಲಾರೆ.

ಬಣ್ಣದ ಬಗ್ಗೆ ನಮಗೆ ಕೊನೆಗೆ ಉಳಿದದ್ದು ಇಷ್ಟು: ಸೋಡ ಬೇಡವೇ ಬೇಡ. ಸಿಹಿ ಕುಂಬಳಕಾಯಿ ಎಲ್ಲಕ್ಕಿಂತ ನಂಬಿಕಸ್ತ. ಬೇಯಿಸಿ ಅರೆದು ನೀರಿನ ಬದಲು ಅದನ್ನೇ ಹಾಕಿ ನಾದಿದರೆ ಬೆಂದ ಮೇಲೂ ಬಣ್ಣ ಹಾಗೇ ಇರುತ್ತದೆ. ಕಂದು ಬೇಕಾದರೆ ಕೋಕೋ. ನೀಲಿಗೆ ಶಂಖಪುಷ್ಪ. ನಮ್ಮ ಹಿತ್ತಿಲ ಬೇಲಿಯ ಆ ಹೂವನ್ನು ಇಲ್ಲಿನವರು ಅಕ್ಕಿಯ ತಿಂಡಿಗೆ ನೀಲಿ ಬಣ್ಣ ಕೊಡಲು ಬಳಸುತ್ತಾರೆ.

ಮೂರನೆಯ ವಾರದ ಕಷ್ಟ ಪಾತ್ರೆಯದು. ಇಡ್ಲಿ ಪಾತ್ರೆಯ ಸ್ಟೀಲ್ ಮುಚ್ಚಳದಿಂದ ಹನಿ ತೊಟ್ಟಿಕ್ಕಿ ಬನ್‌ಗಳ ನೆತ್ತಿಯಲ್ಲಿ ಗುಳಿ ಬೀಳುತ್ತಿತ್ತು. ಬಿದಿರಿನ ಬುಟ್ಟಿಯಾದರೆ ನೀರನ್ನು ತಾನೇ ಹೀರಿಕೊಳ್ಳುತ್ತದೆ. ಆಮಾ ತಮ್ಮ ಬುಟ್ಟಿಯನ್ನೇ ತಂದರು. ಅವರ ಮದುವೆಯಾದ ಹೊಸದರಲ್ಲಿ ಕೊಂಡದ್ದಂತೆ, ಹೊಗೆ ಹಿಡಿದು ಕಂದಾಗಿತ್ತು. ಎರಡೂ ಕೈಯಲ್ಲಿ ಚಾಚಿದರು. ನನಗೆ ಗಂಟಲು ಕಟ್ಟಿತು. ಅದರಲ್ಲಿ ಐವತ್ತು ವರ್ಷ ಹಂದಿಮಾಂಸದ ಪಾವ್ ಬೆಂದಿದೆ. ನಮಗೂ ಆಗದು, ಬರಲಿರುವ ಮಲಯ್ ಮಕ್ಕಳಿಗೂ ಆಗದು. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಮಗಳು ಮೆಲ್ಲಗೆ, ಬರುವ ಮಕ್ಕಳ ಹೆಸರು ಹೇಳಿದಳು. ಆಮಾ ಒಂದು ಕ್ಷಣ ಬುಟ್ಟಿ ನೋಡಿದರು, ಹಣೆ ತಟ್ಟಿಕೊಂಡರು, ಅದನ್ನು ಒಳಗಿಟ್ಟು ಚಪ್ಪಲಿ ಮೆಟ್ಟಿ ಬಂದರು. "ಕಮ್, ಕಮ್, ಬೈ ನ್ಯೂ." ನನ್ನ ಕೈ ಹಿಡಿದು ಅಂಗಡಿಗೆ ಕರೆದೊಯ್ದರು. ಬುಟ್ಟಿಯ ತಳ ಮೂಸಿ, ಹೆಣೆದ ಸಂದುಗಳನ್ನು ಉಗುರಿನಿಂದ ಎಬ್ಬಿಸಿ ನೋಡಿ, ನಾಲ್ಕನೆಯದನ್ನು ಆರಿಸಿದರು. ಎರಡು ಅಂತಸ್ತಿನದಕ್ಕೆ 22 ಡಾಲರ್. ಹಿಟ್ಟು, ಈಸ್ಟ್ ಪೊಟ್ಟಣಗಳ ಮೇಲೆ ಹಲಾಲ್ ಗುರುತು ಇದೆಯೇ ಎಂದು ಹುಡುಕಿದ್ದೂ ಅವರೇ. ಬುಟ್ಟಿ, ನಾಲ್ಕು ವಾರದ ಹಿಟ್ಟು, ಕುಂಬಳಕಾಯಿ, ಕಾಗದ ಎಲ್ಲ ಸೇರಿ ಸುಮಾರು 45 ಡಾಲರ್ ಆಯಿತು, ನಮ್ಮ 3,000 ರೂಪಾಯಿಯ ಹತ್ತಿರ. ಅರ್ಧ ದುಡ್ಡು ಬುಟ್ಟಿಯದೇ. ಬುಟ್ಟಿ ಇಲ್ಲದವರು ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ದಪ್ಪ ಬಟ್ಟೆ ಬಿಗಿದು ಕಟ್ಟಿದರೂ ನಡೆಯುತ್ತದೆ. ತಟ್ಟೆಯ ಗುಳಿಗಳ ಮೇಲೆ ಮಟ್ಟಸವಾದ ತೂತಿನ ತಟ್ಟೆ ಇಡಬೇಕು.

ಹೊಸ ಬುಟ್ಟಿಯನ್ನು ನೀರಿನಲ್ಲಿ ನೆನೆಸಿ, ಒಮ್ಮೆ ಬರಿದೇ ಹಬೆಗೆ ಇಟ್ಟು ಹಸಿ ಬಿದಿರಿನ ವಾಸನೆ ಕಳೆಯಿರಿ. ಬಳಸಿದ ಮೇಲೆ ಗಾಳಿಯಲ್ಲಿ ಚೆನ್ನಾಗಿ ಒಣಗಿಸಿ. ತೇವದ ಊರಿನಲ್ಲಿ ಎರಡೇ ದಿನಕ್ಕೆ ಬೂಸಲು ಹಿಡಿಯುತ್ತದೆ. ನಮ್ಮದಕ್ಕೂ ಹಿಡಿದು, ಉಪ್ಪುನೀರಿನಲ್ಲಿ ತಿಕ್ಕಿ ಬಿಸಿಲಿಗೆ ಹಾಕಿದ್ದಾಯಿತು.

ಇನ್ನು ಮಕ್ಕಳ ಕೈ. ಹಿಟ್ಟು ಮಕ್ಕಳಿಗಾಗಿ ಕಾಯುವುದಿಲ್ಲ, ಮಕ್ಕಳು ಹಿಟ್ಟಿಗಾಗಿ ಅವಸರ ಮಾಡುವುದಿಲ್ಲ. ಎಲ್ಲ ಹಿಟ್ಟನ್ನೂ ಒಟ್ಟಿಗೆ ಮೇಜಿಗೆ ತಂದರೆ ಮೊದಲ ಮೊಲ ಉಬ್ಬಿ ಮುಗಿದಿರುವಾಗ ಕೊನೆಯದಕ್ಕೆ ಇನ್ನೂ ಕಿವಿ ಬಂದಿರುವುದಿಲ್ಲ. ಆಮೇಲೆ ನಾನು ಮೂವತ್ತು ಗ್ರಾಂನ ಉಂಡೆಗಳನ್ನು ತೂಗಿ, ನಾಲ್ಕನ್ನಷ್ಟೇ ಹೊರಗಿಟ್ಟು ಉಳಿದವನ್ನು ಮುಚ್ಚಿ ಫ್ರಿಜ್‌ಗೆ ಸೇರಿಸಿದೆ. ತಂಪಿನಲ್ಲಿ ಈಸ್ಟ್ ನಿಧಾನವಾಗುತ್ತದೆ. ಒಂದನೆಯ ತರಗತಿಯ ಮಕ್ಕಳಿಗೆ ಜೇಡಿಮಣ್ಣು ಕೊಡುವಾಗಲೂ ನಾನು ಹಾಗೇ ಮಾಡುತ್ತಿದ್ದೆ, ಮುಷ್ಟಿಯಷ್ಟೇ ಕೊಟ್ಟರೆ ಮುಷ್ಟಿಯಷ್ಟಕ್ಕೂ ರೂಪ ಬರುತ್ತಿತ್ತು.

ಐದು ವರ್ಷದವರಿಗೆ ಮುಳ್ಳುಹಂದಿ ಕೊಡಿ. ಮೊಟ್ಟೆಯಾಕಾರದ ಉಂಡೆಯ ಒಂದು ತುದಿ ಚೂಪು ಮಾಡಿ, ಮೊಂಡು ತುದಿಯ ಪುಟ್ಟ ಕತ್ತರಿಯಿಂದ ಬೆನ್ನ ಮೇಲೆ ಚಕ್ ಚಕ್ ಎಂದು ಕತ್ತರಿಸುತ್ತ ಹೋದರೆ ಮುಳ್ಳೇಳುತ್ತದೆ. ಎಲ್ಲಿ ಕತ್ತರಿಸಿದರೂ ತಪ್ಪಾಗುವುದಿಲ್ಲ. ಎಂಟು ವರ್ಷದವರಿಗೆ ಮೊಲ: ಅದೇ ಆಕಾರ, ಹಿಂದಿನಿಂದ ಮುಂದಕ್ಕೆ ಎರಡು ಉದ್ದ ಕತ್ತರಿಯ ಗೀರು ಹಾಕಿ ಎತ್ತಿದರೆ ಕಿವಿ. ಮೈಯಿಂದಲೇ ಕತ್ತರಿಸಿದ ಕಿವಿ ಬೀಳುವುದಿಲ್ಲ, ಅಂಟಿಸಿದ ಕಿವಿ ಬೀಳುತ್ತದೆ. ಅಂಟಿಸಲೇಬೇಕಾದರೆ ಎರಡೂ ಕಡೆ ನೀರು ಸವರಿ, ಆದರೆ ಬರೀ ಬೆರಳ ತುದಿಯ ತೇವ. ಮೊಮ್ಮಗ ಮೂಗಿಗೆ ಅಷ್ಟು ನೀರು ಬಳಿದಿದ್ದ ಎಂದರೆ ಹಂದಿಮರಿಗಳ ಮೂಗು ಜಾರಿ ಗದ್ದಕ್ಕೆ ಬಂದಿದ್ದವು. ಕಣ್ಣಿಗೆ ಕಪ್ಪು ಎಳ್ಳು, ಕಡ್ಡಿಯ ತುದಿ ಒದ್ದೆ ಮಾಡಿ ಎತ್ತಿ ಆಳಕ್ಕೆ ಒತ್ತಬೇಕು. ಹಲ್ಲುಕಡ್ಡಿಗಳನ್ನು ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಒಂದೂ ಹಿಟ್ಟಿನೊಳಗೆ ಉಳಿಯಬಾರದು. ಒಲೆಯ ಬಳಿ ಮಕ್ಕಳು ಬೇಡ. ಹಬೆಯ ಸುಡುವಿಕೆ ಕುದಿಯುವ ನೀರಿನದಕ್ಕಿಂತ ಕೆಟ್ಟದು, ಮುಚ್ಚಳ ತೆಗೆಯುವ ಕೆಲಸ ದೊಡ್ಡವರದೇ.

ಉರಿ ಮಧ್ಯಮ ಇರಲಿ. ಹಬೆ ಕಾಣಿಸಿಕೊಂಡ ಮೇಲೆ ಹನ್ನೆರಡು ನಿಮಿಷ. ಆರಿಸಿದ ಮೇಲೆ ಮುಚ್ಚಳವನ್ನು ಬೆರಳು ಸಂದಿಯಷ್ಟು ಸರಿಸಿ ಐದು ನಿಮಿಷ ಬಿಡಬೇಕು. ಇಡೀ ಕೆಲಸದಲ್ಲಿ ಮಕ್ಕಳಿಗೆ ಅತಿ ಕಠಿಣವಾದದ್ದು ಈ ಐದು ನಿಮಿಷ. ಮೂರನೆಯ ವಾರ ಆಮಾ ಅದನ್ನು ಒಂದು ಕಥೆಯಿಂದ ತುಂಬಿದರು, ಅವರ ಸೊಸೆ ಇಂಗ್ಲಿಷಿಗೆ ತಿರುಗಿಸಿದರು. ಒಳಗೆ ಏನೂ ತುಂಬದ ಈ ಬನ್‌ಗೆ ಮಾಂತೌ ಎಂದು ಹೆಸರು. ಮೂರನೆಯ ಶತಮಾನದಲ್ಲಿ ಜೂಗೆ ಲಿಯಾಂಗ್ ಎಂಬ ಮಂತ್ರಿ ದಂಡೆತ್ತಿ ಹೋಗಿ ಮರಳುವಾಗ ನದಿ ಉಕ್ಕಿ ಹರಿಯುತ್ತಿತ್ತಂತೆ. ಮನುಷ್ಯರ ತಲೆ ಬಲಿ ಕೊಟ್ಟರೆ ದಾರಿ ಬಿಡುತ್ತದೆ ಎಂದರಂತೆ. ಅವನು ಒಬ್ಬರನ್ನೂ ಕೊಲ್ಲದೆ, ಹಿಟ್ಟಿನಲ್ಲಿ ತಲೆಯ ಆಕಾರ ಮಾಡಿಸಿ ನದಿಗೆ ಅರ್ಪಿಸಿದನಂತೆ. ಇದು ದಂತಕಥೆ. ನನಗೆ ಆಯುಧಪೂಜೆಯ ಬೂದುಗುಂಬಳಕಾಯಿ ನೆನಪಾಯಿತು. ಪ್ರಾಣಿಬಲಿಯ ಬದಲು ನಾವು ಅದನ್ನು ಒಡೆಯುವುದನ್ನು ಮಕ್ಕಳಿಗೆ ಹೇಳಿದೆ, ಸೊಸೆ ಅದನ್ನು ಆಮಾಗೆ ಹೇಳಿದರು. ಅವರು ನನ್ನ ತೊಡೆ ತಟ್ಟಿ "ಸೇಮ್, ಸೇಮ್" ಎಂದರು. ಅಷ್ಟರಲ್ಲಿ ಐದು ನಿಮಿಷ ಮುಗಿದಿತ್ತು. ಮುಚ್ಚಳ ತೆಗೆದೆ. ಒಂದೂ ಕುಸಿಯಲಿಲ್ಲ.

ಹಬ್ಬದ ದಿನಕ್ಕೆ ಹಂದಿಮರಿ ಬೇಡ, ಮಲಯ್ ಮಕ್ಕಳ ಮನಸ್ಸಿಗೆ ಕಸಿವಿಸಿ ಆಗಬಾರದು ಎಂದು ಮಗಳು ಹೇಳಿದಳು. ಮೊಮ್ಮಗನಿಗೆ ಇದನ್ನು ಒಪ್ಪಿಸಲು ಎರಡು ದಿನ ಬೇಕಾಯಿತು. ಕೊನೆಗೆ ಅವನೇ, "ಮೊಲ ಎಲ್ಲಾರಿಗೂ ಇಷ್ಟ ಅಲ್ವಾ ಅಜ್ಜಿ?" ಎಂದು ಕೇಳಿದ.

ನಾಲ್ಕನೆಯ ಭಾನುವಾರ ಬೆಳಿಗ್ಗೆ ಆರಕ್ಕೇ ನಾದಲು ಕೂತೆ. ಬಿಳಿ ಹಿಟ್ಟು ಮೊದಲು, ಅದು ಬುಟ್ಟಿ ಸೇರಿದ ಮೇಲೆ ಕುಂಬಳಕಾಯಿಯದು. ಎರಡನ್ನೂ ಒಟ್ಟಿಗೆ ನಾದಿದ್ದರೆ ಎರಡನೆಯದು ಉಬ್ಬಿ ಕೈ ಮೀರುತ್ತಿತ್ತು. ಒಂದು ಅಳತೆಗೆ ಹದಿನಾರು ಉಂಡೆ, ಲೋಟದ ಗೋಲಿಗೆ ಚೂರು. ಅಂತಸ್ತಿಗೆ ಎಂಟು. ನಡುವೆ ಎರಡು ಬೆರಳು ಜಾಗ ಬಿಟ್ಟು, ಒಂದೊಂದರ ಕೆಳಗೂ ಬೇಕಿಂಗ್ ಕಾಗದದ ತುಂಡು. ಮೇಲಿನ ಅಂತಸ್ತಿಗೆ ಒಂದೆರಡು ನಿಮಿಷ ಹೆಚ್ಚು ಬೇಕು ಎಂಬುದು ಅವತ್ತು ತಿಳಿಯಿತು. ಆಮಾ ತಮ್ಮ ಮೊಣಕಾಲು ನೋವಿನಲ್ಲೂ ಒಂದು ಗಂಟೆ ನಿಂತು ಪ್ರತಿ ಮೊಲದ ಕಿವಿ ನೋಡಿದರು. ಮೊಮ್ಮಗಳು ಹದಿನೈದು ಮಾಡಿದಳು. ಹದಿನಾರನೆಯದು ಮೊಮ್ಮಗನದು. ಒಂದು ಕಿವಿ ಗಿಡ್ಡ, ಒಂದು ಕಣ್ಣು ಬೆನ್ನ ಮೇಲೆ. ಸರಿಪಡಿಸಲು ನನ್ನ ಕೈ ಹೋಯಿತು, ಆಮಾ ಹಿಡಿದು ನಿಲ್ಲಿಸಿದರು.

ಮುಚ್ಚಳ ತೆಗೆದಾಗ ಮಕ್ಕಳು ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಕೈ ಚಾಚಿದರು. ಮೊಟ್ಟೆ ಆಗದ ಮಗು ಮೂರು ತಿಂದಿತು, ಅದರ ತಾಯಿ ನನ್ನ ಪಕ್ಕಕ್ಕೆ ಬಂದು, ಹುಟ್ಟುಹಬ್ಬದ ಮೇಜಿನಿಂದ ಅವನು ಕೇಳದೆ ಎತ್ತಿಕೊಂಡು ತಿಂದದ್ದು ಇದೇ ಮೊದಲು ಎಂದರು. ಮಲಯ್ ಹುಡುಗಿಯ ಅಜ್ಜಿಗೆ ನಾನು ಪೊಟ್ಟಣಗಳನ್ನೆಲ್ಲ ಜೋಡಿಸಿ ಇಟ್ಟಿದ್ದನ್ನು ತೋರಿಸಿದೆ. ಅವರು ಅದನ್ನು ಓದಲಿಲ್ಲ, ನನ್ನ ಎರಡೂ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಆ ಕೈಯನ್ನು ಎದೆಗೆ ಒತ್ತಿಕೊಂಡರು.

ಮೊಮ್ಮಗ ತನ್ನ ಮೊಲವನ್ನು ಯಾರಿಗೂ ಕೊಡಲಿಲ್ಲ, ತಾನೂ ತಿನ್ನಲಿಲ್ಲ. ರಾತ್ರಿ ಫ್ರಿಜ್‌ನಲ್ಲಿ ಇಡಿಸಿದ. ಬೆಳಿಗ್ಗೆ ಅದು ಕಲ್ಲಾಗಿತ್ತು. ಅವನ ಮುಖ ಇಳಿಯುವ ಮೊದಲೇ ಬುಟ್ಟಿಗೆ ಹಾಕಿ ಐದು ನಿಮಿಷ ಹಬೆ ಕೊಟ್ಟೆ. ಮತ್ತೆ ಹತ್ತಿಯಂತೆ ಮೆತ್ತಗಾಯಿತು. ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ. "ಬದುಕಿಬಿಡ್ತು ಅಜ್ಜಿ" ಎಂದ. ಆಮೇಲೆ ಗಿಡ್ಡ ಕಿವಿಯನ್ನು ಮುರಿದು ನನ್ನ ಬಾಯಿಗೆ ಇಟ್ಟ.